ಕೆಂಪು ಚಿನ್ನಕ್ಕೆ ಒಂದು ಚಿಟಿಕೆ ಉಪ್ಪು

ನಮ್ಮಣ್ಣ ತಾನು ಮಾಡಿದ ಅಡಿಗೆಯ ರುಚಿಯನ್ನು ಬಡಿಸುವ ಮೊದಲು ಯಾವತ್ತೂ ನೋಡಿದವನಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಮದುವೆ, ಗೃಹಪ್ರವೇಶ, ಷಷ್ಟ್ಯಬ್ದಿ ಎಂದರೆ ಮೊದಲು ಅವನಿಗೆ ಬಿಡುವಿದೆಯೇ ಎಂದು ಕೇಳಿ ಆಮೇಲೆ ಮುಹೂರ್ತ ಇಡಿಸುವ ಮನೆಗಳಿವೆ. ಅಲ್ಲಿ ಉಂಡವರಿಗೆ, ಆ ಹುಳಿಯ ಒಂದು ತೊಟ್ಟೂ ಅಡಿಗೆಯವನ ನಾಲಿಗೆ ಮುಟ್ಟದೆ ಎಲೆಗೆ ಬಂದಿದೆ ಎಂದರೆ ನಂಬಿಕೆ ಬರುವುದಿಲ್ಲ. ಆದರೆ ನಮ್ಮ ಕಡೆಯ ಅಡಿಗೆಯವರಲ್ಲಿ ಅದೇ ಕ್ರಮ. ನೈವೇದ್ಯವಾಗುವವರೆಗೆ ಯಾವುದೂ ಎಂಜಲಾಗಬಾರದು. ಉಪ್ಪು ಎಷ್ಟು ಎಂಬುದನ್ನು ಕೈ ಹೇಳಬೇಕು, ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಕಣ್ಣು, ಮೂಗು ಹೇಳಬೇಕು.

ಮೂಗಿನ ವಿಷಯದಲ್ಲಿ ಮಾತ್ರ ಶಾಸ್ತ್ರ ಬಲ್ಲವರು ಆಗಾಗ ತಕರಾರು ತೆಗೆಯುತ್ತಿದ್ದರು. ಮೂಸುವುದೆಂದರೆ ಅರ್ಧ ಉಂಡ ಹಾಗೆಯೇ ಎನ್ನುವುದು ಅವರ ಲೆಕ್ಕಾಚಾರ. ಅದಕ್ಕೇ ಅಣ್ಣ ಕಡಾಯಿಯ ಮೇಲೆ ಬಗ್ಗುತ್ತಿರಲಿಲ್ಲ. ತುಸು ದೂರ ನಿಂತು, ಏಳುವ ಹಬೆಯನ್ನು ಬಲಗೈಯಿಂದ ತನ್ನ ಕಡೆಗೆ ಮೆಲ್ಲಗೆ ಬೀಸಿಕೊಳ್ಳುತ್ತಿದ್ದ. ತಾನಾಗಿ ಬಂದ ವಾಸನೆಗೆ ತಾನು ಹೊಣೆಯಲ್ಲ ಎಂದು ವಾದಿಸುತ್ತಿದ್ದ. ಕೈ ಬೀಸಿ ಕರೆದರೆ ತಾನಾಗಿ ಬಂದ ಹಾಗೆ ಹೇಗಾಯಿತು ಎಂದು ನಾನು ಕೇಳಿದರೆ, ನಿನ್ನ ಕಾಲೇಜಿನ ಪ್ರಶ್ನೆಗಳನ್ನು ಕಾಲೇಜಿನಲ್ಲೇ ಇಟ್ಟುಕೋ ಎನ್ನುತ್ತಿದ್ದ.

ಕಾಲೇಜು ಎಂದರೆ ಕೊಪ್ಪದ್ದು. ನಾನು ಅಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪ್ರಯೋಗಶಾಲೆಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ದಿನವೇ ಎರಡು ಮಾತು ಹೇಳುತ್ತಿದ್ದೆ. ಇಲ್ಲಿರುವ ಯಾವುದನ್ನೂ ನಾಲಿಗೆಗೆ ಮುಟ್ಟಿಸಬೇಡಿ. ವಾಸನೆ ನೋಡಬೇಕಾದರೆ ಸೀಸೆಯ ಬಾಯಿಗೆ ಮೂಗು ಒಡ್ಡಬೇಡಿ, ಕೈಯಿಂದ ಹೀಗೆ ಬೀಸಿಕೊಳ್ಳಿ. ಹೀಗೆ ಎಂದು ತೋರಿಸುವಾಗ ನನ್ನ ಕೈ ಥೇಟ್ ಅಣ್ಣನ ಕೈಯ ಹಾಗೆಯೇ ಆಡುತ್ತಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಕೆಲಸವನ್ನು ಬೇರೆ ಬೇರೆ ಒಲೆಗಳ ಮೇಲೆ ಮಾಡಿದ್ದೇವೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಆದರೆ ಅಡಿಗೆಮನೆಗೆ ಮಾತ್ರ ನನಗೆ ಪ್ರವೇಶವಿರಲಿಲ್ಲ. ಅಪ್ಪನೂ ಅಡಿಗೆಯವನೇ. ನಾನು ಸಣ್ಣವಳಿದ್ದಾಗ, ಯಾರದೋ ಮದುವೆಯ ಪಾಯಸದ ಸೌಟನ್ನು ನೆಕ್ಕಿಬಿಟ್ಟೆನಂತೆ. ಅಷ್ಟೂ ಪಾಯಸವನ್ನು ಬದಿಗಿಟ್ಟು ಹೊಸದಾಗಿ ಕಾಯಿಹಾಲು ಹಿಂಡಬೇಕಾಯಿತಂತೆ. ಅವತ್ತಿನಿಂದ ಅಪ್ಪ ಮದುವೆಮನೆಯ ಒಲೆಯ ಹತ್ತಿರ ನನ್ನ ನೆರಳು ಬೀಳಲೂ ಬಿಡಲಿಲ್ಲ. ನಾನು ಹೊರಗೆ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದೆ. ನೈವೇದ್ಯದ ಗಂಟೆ ಬಾರಿಸಿದ್ದೇ ತಡ, ಅಣ್ಣ ಬಾಳೆಲೆಯ ದೊನ್ನೆಯಲ್ಲಿ ಪಾಯಸ ತಂದು ಎಲ್ಲರಿಗಿಂತ ಮೊದಲು ನನ್ನ ಕೈಗಿಡುತ್ತಿದ್ದ. ಹೇಗಾಗಿದೆ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು ಕುಡಿಯುವಾಗ ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ.

ಇಂಥ ಅಣ್ಣನ ಕೈ ತಪ್ಪಿದ್ದನ್ನು ನಾನು ಮೊದಲು ಕಂಡದ್ದು ಮುತ್ತಿನಕೊಪ್ಪದಲ್ಲಿ. ನೆಂಟರ ಮನೆಯ ಗೃಹಪ್ರವೇಶ, ನನಗೂ ಕರೆ ಇತ್ತು. ಮೊದಲ ಪಂಕ್ತಿಯಲ್ಲೇ ಕೂತೆ. ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲ ಎಂದಿನಂತೆ. ಹುಳಿ ಕಲಸಿ ತುತ್ತು ಬಾಯಿಗಿಟ್ಟೆ. ಉಪ್ಪು ನಾಲಿಗೆಯನ್ನು ಕಚ್ಚಿತು. ತಲೆ ಎತ್ತಿ ನೋಡಿದರೆ ಪಂಕ್ತಿಯಲ್ಲಿ ಯಾರೂ ತುಟಿ ಪಿಟಕ್ಕೆನ್ನುತ್ತಿಲ್ಲ. ಊಟಕ್ಕೆ ಕೂತು ಅಡಿಗೆಯನ್ನು ಹೀಗಳೆಯುವ ರೂಢಿ ನಮ್ಮಲ್ಲಿಲ್ಲ. ಒಬ್ಬರು ಇನ್ನಷ್ಟು ಅನ್ನ ಹಾಕಿಸಿಕೊಂಡರು, ಇನ್ನೊಬ್ಬರು ಮಜ್ಜಿಗೆಯನ್ನು ಮೊದಲೇ ಕರೆದರು, ಎದುರಿಗಿದ್ದ ಹಿರಿಯರು ಹುಳಿಯನ್ನು ಬೆರಳಿನಿಂದ ಎಲೆಯ ಅಂಚಿಗೆ ಸರಿಸಿ ಏನೂ ಆಗದವರ ಹಾಗೆ ಸಾರಿಗೆ ಕಾದರು. ನನಗೆ ಅಷ್ಟು ತಾಳ್ಮೆ ಇಲ್ಲ. ಪಂಕ್ತಿಯ ನಡುವೆ ಏಳಬಾರದು ಎನ್ನುವುದನ್ನೂ ಮರೆತು ಎದ್ದು, ಕೈ ತೊಳೆದು ಒಳಗೆ ಹೋದೆ.

ಎರಡನೆಯ ಪಂಕ್ತಿಯ ಹುಳಿ ಇನ್ನೊಂದು ಕಡಾಯಿಯಲ್ಲಿ ಕುದಿಯುತ್ತಿತ್ತು. ಅಣ್ಣ ಮುಷ್ಟಿ ತುಂಬ ಉಪ್ಪು ಹಿಡಿದು ಅದರ ಮುಂದೆ ನಿಂತಿದ್ದ. ಇದಕ್ಕೂ ಆಗಲೇ ಹಾಕಿ ಆಯ್ತಲ್ಲ ಭಟ್ರೆ ಎಂದು ಕಾಯಿ ತುರಿಯುತ್ತಿದ್ದ ಹೆಂಗಸು ಹೇಳುತ್ತಿದ್ದಳು. ಅವನಿಗೆ ಅದು ಕೇಳಿಸಿದ ಹಾಗಿರಲಿಲ್ಲ. ನಾನು ಹೋಗಿ ಅವನ ಮಣಿಕಟ್ಟು ಹಿಡಿದೆ. ಅವನು ತನ್ನ ಮುಷ್ಟಿಯನ್ನು ನೋಡಿದ, ಕಡಾಯಿಯನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಹಾಕಿದ್ನಾ ಕೂಸೆ?" ಎಂದ.

ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಅಷ್ಟು ದೊಡ್ಡ ಒಲೆಗಳ ಮುಂದೆ ಆಯುಷ್ಯ ಕಳೆದವನ ಕಣ್ಣಲ್ಲಿ ಅದನ್ನು ನಾನು ಕಂಡಿರಲಿಲ್ಲ. ಜೊತೆಯ ಅಡಿಗೆಯವರು, ಭಟ್ರಿಗೆ ಈ ವಯಸ್ಸಲ್ಲಿ ಯಾರ ನೆನಪು ಬಂತೋ ಎಂದು ತಮಾಷೆ ಮಾಡಿದರು. ಬೇರೆ ಬೇಳೆ ಬೇಯಿಸಿ ಹಾಕಿ ಮೊದಲ ಕಡಾಯಿಯನ್ನು ಸರಿಮಾಡಿದರು. ಅಣ್ಣನೂ ನಕ್ಕ. ನನಗೆ ಮಾತ್ರ ಮತ್ತೆ ಎಲೆಯ ಮುಂದೆ ಕೂರಲಾಗಲಿಲ್ಲ.

ಅತ್ತಿಗೆ ಅವತ್ತು ಅಲ್ಲಿರಲಿಲ್ಲ. ತವರಿನಲ್ಲಿ ತಿಥಿ ಇದ್ದುದರಿಂದ ಭಂಡಿಗಡಿಗೆ ಹೋಗಿದ್ದಳು. ಅವಳು ಬಂದ ಮೇಲೆ ನಾನು ಶೃಂಗೇರಿಗೆ ಹೋದೆ. ಹುಳಿಯ ಸುದ್ದಿ ತೆಗೆಯುತ್ತಿದ್ದ ಹಾಗೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಲವು ಕಾಲದಿಂದ ಅಣ್ಣ ಹೋದ ಕಡೆಯೆಲ್ಲ ತಾನೂ ಹೊರಡುತ್ತಿದ್ದಾಳೆ ಎನ್ನುವುದು ನನಗೆ ಗೊತ್ತಿತ್ತು. ಮಕ್ಕಳೆಲ್ಲ ದಡ ಹತ್ತಿದ ಮೇಲೆ ಗಂಡನ ಜೊತೆ ತಿರುಗುವ ಆಸೆ ಇರಬೇಕು ಎಂದು ನಾನು ಅವಳನ್ನು ಛೇಡಿಸಿದ್ದೂ ಇದೆ. ಅವಳು ಹೋಗುತ್ತಿದ್ದದ್ದು ಉಪ್ಪಿನ ಭರಣಿಯನ್ನು ಕಾಯಲಿಕ್ಕೆ. ಅಣ್ಣ ಒಂದು ಕಡಾಯಿಗೆ ಉಪ್ಪು ಹಾಕಿದ ಕೂಡಲೇ ಅವಳು ಆ ಕಡಾಯಿಯ ಪಕ್ಕದ ಮುಚ್ಚಳವನ್ನು ಬೋರಲು ಹಾಕುತ್ತಿದ್ದಳು. ಮುಚ್ಚಳ ಬೋರಲಾಗಿದ್ದರೆ ಉಪ್ಪು ಬಿದ್ದಿದೆ ಎಂದು ಜೊತೆಯವರಿಗೆ ಸನ್ನೆ. ಅವರು ಅಣ್ಣನನ್ನು ಬೇರೆ ಕೆಲಸಕ್ಕೆ ಕರೆದು ಅಲ್ಲಿಂದ ಸರಿಸುತ್ತಿದ್ದರು. ಅಣ್ಣನಿಗೆ ಇದೊಂದೂ ತಿಳಿಯದ ಹಾಗೆ ನೋಡಿಕೊಂಡಿದ್ದಳು.

ಅವಳು ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಹೆದರಿಸಿತು. ಹಿಂದಿನ ವಾರ ತುಪ್ಪ ಕಾಯಿಸಲಿಟ್ಟದ್ದು ಸೀದು ಕರಕಲಾಗುವವರೆಗೆ ಅಣ್ಣ ಅದರ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದನಂತೆ. ಕಾಯಿ ನಿನ್ನೆ ಒಡೆದದ್ದೋ ಇವತ್ತು ಒಡೆದದ್ದೋ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ ಮೂಗು ಅದು. ಅಲ್‌ಝೈಮರ್ ಎಂಬ ಕಾಯಿಲೆಯಲ್ಲಿ ನೆನಪಿಗಿಂತ ಮೊದಲು ಕೆಲವರಿಗೆ ವಾಸನೆ ಹೋಗುತ್ತದೆ ಎಂದು ನಾನು ಓದಿದ್ದೆ. ಓದಿದ ದಿನದಿಂದ ಬೆಳಗ್ಗೆ ಎದ್ದು ಕಾಫಿಪುಡಿಯ ಡಬ್ಬಿ ತೆರೆದು ನನ್ನ ಮೂಗನ್ನು ಪರೀಕ್ಷಿಸಿಕೊಳ್ಳುವ ಹುಚ್ಚೂ ನನಗೆ ಹತ್ತಿತ್ತು. ಅಣ್ಣನ ಮೂಗನ್ನು ಅನುಮಾನಿಸುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಡಾಕ್ಟರಿಗೆ ತೋರಿಸೋಣ ಎಂದೆ. ಅತ್ತಿಗೆ ಕಡ್ಡಿ ಮುರಿದ ಹಾಗೆ ಬೇಡ ಎಂದಳು.

"ಗೊತ್ತಾಗಿ ಎಂತ ಮಾಡೂದು ಮಾರಾಯ್ತಿ? ಹೋದ ನೆನಪು ವಾಪಸ್ ಬತ್ತದಾ? ಕಾಯ್ಲೆ ಹೆಸರು ಹೊರಗೆ ಬಿದ್ರೆ ನಾಳೆಯಿಂದ ಒಬ್ರೂ ಇವ್ರನ್ನ ಒಲೆ ಹತ್ರ ಬಿಡೂದಿಲ್ಲ. ಒಲೆ ಬಿಟ್ರೆ ಇವ್ರು ಹೇಗೆ ಬದುಕೂದು?"

ನನಗೆ ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಇರುವ ಸಿಟ್ಟು ನನ್ನದು, ಬರಲು ಹೊತ್ತು ಬೇಕಾಗುವುದಿಲ್ಲ. ಮುಚ್ಚಳ ಮಗುಚುತ್ತ ಎಷ್ಟು ದಿನ ಕೂರುತ್ತೀಯ ಎಂದು ಕೇಳಿದೆ. ಅವಳು ಎದ್ದು ಹೋಗಿ ಕಾಫಿ ಮಾಡಿ ತಂದುಕೊಟ್ಟಳು. ಹಿಂದಿರುಗುವಾಗ ಬಸ್ಸಿನಲ್ಲಿ ಹರಿಹರಪುರ ದಾಟುವವರೆಗೂ ಅವಳ ಮೇಲೆ ಕುದಿಯುತ್ತಿದ್ದೆ. ಕೊಪ್ಪದಲ್ಲಿ ಇಳಿಯುವ ಹೊತ್ತಿಗೆ ಅಳು ಬಂತು. ಅಣ್ಣನೆಂದರೆ ನನಗೆ ಜೀವ. ಅವನ ಒಲೆ ಆರಿಸುವ ಕೈ ನನ್ನದಾಗುವುದು ಬೇಡವಾಗಿತ್ತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಘಟ್ಟದ ಕೆಳಗಿನ ಊರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳ ಕೆಲಸವೇ ಈ ಕಾಯಿಲೆಯನ್ನು ಬೇಗ ಪತ್ತೆ ಮಾಡುವ ದಾರಿ ಹುಡುಕುವುದು. ಆ ವಾರ ಅವಳಿಗೆ ಫೋನ್ ಮಾಡಿದೆ. ಫೋನಿನಲ್ಲಿ ಬೇಡ ಎಂದು ಅವಳೇ ರಜೆಯ ದಿನ ಕೊಪ್ಪಕ್ಕೆ ಬಂದು, ನಮ್ಮನೆಯ ಊಟದ ಮೇಜಿನ ಮೇಲೆ ಪುಟ್ಟ ಗಾಜಿನ ಸೀಸೆಯೊಂದನ್ನು ಇಟ್ಟಳು. ಒಳಗೆ ಕೆಂಪು ನೀರಿತ್ತು. ಚಿನ್ನ ಮೇಡಂ ಎಂದಳು. ಚಿನ್ನವನ್ನು ಅತಿ ಸಣ್ಣ ಕಣಗಳಾಗಿಸಿ ನೀರಿನಲ್ಲಿ ಚದುರಿಸಿದರೆ ಅದು ಹಳದಿಯಾಗಿ ಉಳಿಯದೆ ಕೆಂಪಾಗುತ್ತದೆ ಎಂದು ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ. ಕಾಲೇಜಿನಲ್ಲಿ ಚಿನ್ನ ಎಲ್ಲಿಂದ ಬರಬೇಕು, ಕೆಂಪು ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಚುಕ್ಕಿ ಇಡುತ್ತಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಸ್ವಲ್ಪ ಹೊತ್ತು ಅವಳು ಯಾಕೆ ಬಂದಳೆಂಬುದನ್ನೇ ಮರೆತೆ.

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಈ ಕಾಯಿಲೆಯಲ್ಲಿ ಮಿದುಳಿನ ಒಂದೆರಡು ಬಗೆಯ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ. ಮರೆವು ಹೊರಗೆ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಶುರುವಾಗಿರುತ್ತದೆ. ಆ ಪ್ರೋಟೀನಿನ ಸುಳಿವು ರಕ್ತದಲ್ಲೂ ಇರುತ್ತದೆ, ಆದರೆ ಹಿಡಿಯಲು ಸಿಗದಷ್ಟು ಕಡಿಮೆ. ಚಿನ್ನದ ಇಂಥ ಕಣಗಳಿಗೆ ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಕೊಕ್ಕೆ ಕೂರಿಸಿ, ಒಂದು ಹನಿ ರಕ್ತದಲ್ಲಿ ಅದನ್ನು ಗುರುತಿಸಲು ಸಾಧ್ಯವೇ ಎಂದು ಅವಳು ನೋಡುತ್ತಿದ್ದಾಳೆ. ಮಿದುಳಿನ ಒಳಗೇ ಹೋಗಿ, ಗಂಟುಗಳಿಗೆ ಅಂಟಿಕೊಂಡು, ಸ್ಕ್ಯಾನಿನಲ್ಲಿ ತಾವಿರುವ ಜಾಗವನ್ನು ತೋರಿಸಿಕೊಡುವ ಕಣಗಳನ್ನು ಇನ್ನು ಕೆಲವರು ತಯಾರಿಸುತ್ತಿದ್ದಾರೆ. ಅದೆಲ್ಲ ಸದ್ಯಕ್ಕೆ ಇಲಿಗಳಲ್ಲಿ ನಡೆದಿದೆ, ನಿಮ್ಮಣ್ಣನವರಿಗೆ ನನ್ನ ಸೀಸೆಯಿಂದ ಏನೂ ಆಗುವುದಿಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಮನುಷ್ಯರಿಗೆ ಈಗ ಸಿಗುವುದು ನೆನಪಿನ ಪರೀಕ್ಷೆ, ಎಂಆರ್‌ಐ, ಮತ್ತು ಗಂಟುಗಳಿಗೆ ಅಂಟುವ ಮದ್ದನ್ನು ನರಕ್ಕೆ ಕೊಟ್ಟು ತೆಗೆಯುವ ಪೆಟ್ ಸ್ಕ್ಯಾನ್. ಅದು ಎಲ್ಲಿ ಆಗುತ್ತದೆ ಎಂದು ವಿಚಾರಿಸಿ ಡಾಕ್ಟರರನ್ನು ಗೊತ್ತುಮಾಡಿ ಕೊಡುವುದಾಗಿ ಮಾತು ಕೊಟ್ಟಳು. ಸೀಸೆಯನ್ನು ನನಗೇ ಬಿಟ್ಟುಹೋದಳು.

ಮರುದಿನವೇ ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ಶೃಂಗೇರಿಗೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಪಾಠ ಮಾಡುವುದು ಬಿಟ್ಟರೆ ನನಗೆ ಇನ್ನೇನು ಬರುತ್ತದೆ? ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ಗಾಜಿನ ಲೋಟಗಳನ್ನಿಟ್ಟು, ಕೆಂಪು ನೀರನ್ನು ಎರಡಕ್ಕೂ ಸ್ವಲ್ಪ ಸ್ವಲ್ಪ ಬಗ್ಗಿಸಿದೆ.

"ಇದು ಚಿನ್ನವೇನೆ?" ಎಂದ ಅಣ್ಣ. "ಮುರುಗಲು ಸಾರು ಇದ್ದ ಹಾಗಿದೆ."

ಕುಡಿದೀಯ ಜೋಕೆ ಎಂದೆ. ತಾನು ಕುಡಿಯುವವನಲ್ಲ, ಸೌಟು ನೆಕ್ಕುವವರು ಬೇರೆ ಇದ್ದಾರೆ ಎಂದ. ಎಷ್ಟೋ ಹಳೆಯದು ಅವನಿಗೆ ಹೀಗೆ ಥಟ್ಟನೆ ಬರುತ್ತಿತ್ತು. ಒಂದು ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕು ಎಂದೆ. ಅವನು ಭರಣಿಯಿಂದ ಬೆರಳ ತುದಿಯಲ್ಲಿ ಉಪ್ಪು ತೆಗೆದು ಹಾಕಿದ. ನಾನು ಲೋಟವನ್ನು ಅಲ್ಲಾಡಿಸಿದೆ. ಕೆಂಪು ಮೊದಲು ನೇರಳೆಗೆ ತಿರುಗಿ, ನೋಡುತ್ತಿದ್ದಂತೆ ನೀಲಿಯಾಯಿತು. ಅಣ್ಣ ಬಗ್ಗಿ ನೋಡಿದ. ಅತ್ತಿಗೆಯೂ ಬಂದು ನಿಂತಳು. ಬಿಡಿಬಿಡಿಯಾಗಿದ್ದಷ್ಟು ಹೊತ್ತು ಚಿನ್ನ ಕೆಂಪು, ಉಪ್ಪು ಬಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಆಗ ನೀಲಿ ಎಂದು ಹೇಳಿದೆ. ರುಚಿ ನೋಡದೆ ಉಪ್ಪು ಹೇಳುವ ಇನ್ನೊಬ್ಬ ಸಿಕ್ಕಿದ ಎಂದು ಅಣ್ಣನಿಗೆ ಖುಷಿಯೋ ಖುಷಿ. ಆಮೇಲೆ ಕೇಳಿದ.

"ಮತ್ತೆ ಕೆಂಪು ಮಾಡ್ಲಿಕ್ಕೆ ಬರೂದಿಲ್ವಾ?"

ಇಲ್ಲ ಎಂದೆ. ಹುಳಿಗೆ ಉಪ್ಪು ಹೆಚ್ಚಾದರೆ ಬೇಳೆ ಹಾಕಿ ತಣಿಸಬಹುದು, ಇದನ್ನು ತಣಿಸಲು ಬರುವುದಿಲ್ಲ. ನಾನು ಎರಡನೆಯ ಲೋಟಕ್ಕೆ ಮೊದಲು ಗೋಂದು ಕರಗಿಸಿದ ನೀರನ್ನು ಬೆರೆಸಿದೆ. ಸ್ವಲ್ಪ ಹೊತ್ತು ಬಿಟ್ಟು, ಈಗ ಇದಕ್ಕೂ ಹಾಕು ಎಂದೆ. ಹಾಕಿದ. ಬಣ್ಣ ಕೆಡಲಿಲ್ಲ. ಗೋಂದು ಒಂದೊಂದು ಕಣವನ್ನೂ ಸುತ್ತಿಕೊಂಡು ಉಪ್ಪಿನಿಂದ ಕಾಪಾಡುತ್ತದೆ ಎಂಬ ಪಾಠವನ್ನು ನಾನು ಮುಗಿಸುವ ಮೊದಲೇ ಅವನು ಕಟ್ಟೆಗೆ ಒರಗಿ ಕೇಳಿದ.

"ಹಾಗಾದ್ರೆ ಉಪ್ಪು ಬೀಳೂಕೆ ಮೊದ್ಲೇ ಗೊತ್ತಾಗ್ಬೇಕು. ನಂಗೆ ಎಷ್ಟು ಬಿದ್ದಾಗಿದೆ?"

ಅವನಿಗೆ ಗೊತ್ತಿತ್ತು. ತನ್ನ ತಲೆಯೊಳಗೆ ಏನೋ ತಪ್ಪುತ್ತಿದೆ ಎಂದು ಅವನಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಮುಚ್ಚಳಗಳು ಬೋರಲಾಗುವುದನ್ನೂ ಅವನು ಕಂಡಿದ್ದ. ಅವಳು ಅಷ್ಟು ಕಷ್ಟಪಟ್ಟು ಮುಚ್ಚಿಡುವಾಗ ಕಂಡೆ ಅಂತ ಹೇಗೆ ಹೇಳಲಿ ಎಂದು ನನಗೆ ಹೇಳಿದ, ಅತ್ತಿಗೆ ಪಕ್ಕದಲ್ಲೇ ನಿಂತಿರುವಾಗ. ಅತ್ತಿಗೆ ನೀಲಿಯಾದ ಲೋಟವನ್ನು ತೆಗೆದುಕೊಂಡು ಹೋಗಿ ಬಚ್ಚಲಲ್ಲಿ ಚೆಲ್ಲಿ, ಬಹಳ ಹೊತ್ತು ತಿಕ್ಕಿ ತೊಳೆದಳು. ಇನ್ನೊಂದು ಲೋಟವನ್ನು ಮುಟ್ಟಲಿಲ್ಲ.

ಅಣ್ಣನ ಮಿದುಳಿಗೆ ಹಚ್ಚಲು ಇನ್ನೂ ಯಾರ ಹತ್ತಿರವೂ ಗೋಂದು ಇಲ್ಲ ಎಂಬುದನ್ನು ನಾನು ಅವತ್ತೇ ಹೇಳಿದೆ. ಸುಳ್ಳು ಆಸೆ ಹುಟ್ಟಿಸುವುದು ನನಗೆ ಆಗದು. ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡುವ ಮದ್ದುಗಳ ಮಾತಿದೆ, ಎಲ್ಲರಿಗೂ ಹೊಂದುವುದಿಲ್ಲ, ಹೊಂದಿದರೂ ಬೇಗ ಶುರು ಮಾಡಬೇಕು ಎಂದೆ. ನಿಧಾನವಾದರೆ ಸಾಕು, ನಾನೇನು ಓಡಬೇಕಾ ಎಂದ ಅಣ್ಣ.

ಸ್ಕ್ಯಾನಿಗೆ ದೊಡ್ಡ ಊರಿಗೆ ಹೋದೆವು, ಮೂವರೂ. ತೋಳಿಗೆ ಸೂಜಿ ಚುಚ್ಚಿ ಮದ್ದು ಕೊಟ್ಟು, ಅದು ಮಿದುಳಿಗೆ ಸೇರುವವರೆಗೆ ಅಣ್ಣನನ್ನು ಮಂದ ಬೆಳಕಿನ ಕೋಣೆಯಲ್ಲಿ ಒಬ್ಬನೇ ಕೂರಿಸಿದರು. ಬಾಗಿಲ ಗಾಜಿನಿಂದ ನೋಡಿದೆ. ತೊಡೆಯ ಮೇಲೆ ಎರಡು ಕೈಗಳನ್ನೂ ಅಂಗೈ ಮೇಲಾಗಿ ಇಟ್ಟುಕೊಂಡು, ಎಲೆ ಹಾಕುವುದನ್ನು ಕಾಯುವವನಂತೆ ಕೂತಿದ್ದ. ಆ ಕೈಗಳಿಗೆ ಕೆಲಸವಿಲ್ಲದ್ದನ್ನು ನಾನು ಕಂಡಿರಲೇ ಇಲ್ಲ. ಅತ್ತಿಗೆಗೆ ಕಾಣದ ಹಾಗೆ ಶೌಚಾಲಯಕ್ಕೆ ಹೋಗಿ ಅತ್ತೆ. ಹೊರಗೆ ಬಂದರೆ ಅವಳ ಕಣ್ಣೂ ಕೆಂಪಾಗಿತ್ತು. ಇಬ್ಬರೂ ಕ್ಯಾಂಟೀನಿನ ಇಡ್ಲಿಯನ್ನು ಬೈಯುತ್ತ ಹೊತ್ತು ಕಳೆದೆವು.

ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಮದ್ದು ಅಂಟಿಕೊಂಡ ಕಡೆಯೆಲ್ಲ ಬಣ್ಣ ಗಾಢವಾಗಿತ್ತು. ಬಣ್ಣ ಕಂಡ ಮಾತ್ರಕ್ಕೆ ಎಲ್ಲರೂ ಮರೆಯುತ್ತಾರೆಂದಲ್ಲ, ಆದರೆ ನೆನಪಿನ ಪರೀಕ್ಷೆಯನ್ನೂ ಇದನ್ನೂ ಸೇರಿಸಿ ನೋಡಿದರೆ ಅಲ್‌ಝೈಮರ್ ಶುರುವಾಗಿದೆ, ಇನ್ನೂ ಮೊದಲ ಮೆಟ್ಟಿಲಲ್ಲಿದೆ ಎಂದರು. ನನ್ನ ಮುಖ ನೋಡದೆ, ಅತ್ತಿಗೆಯ ಮುಖ ನೋಡದೆ, ಅಣ್ಣನ ಮುಖ ನೋಡಿಯೇ ಹೇಳಿದರು. ಅದಕ್ಕೆ ನಾನು ಅವರಿಗೆ ಋಣಿ. ಅಣ್ಣ ಪರದೆಯನ್ನೇ ನೋಡುತ್ತಿದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಒಲೆ ಮುಂದೆ ನಿಲ್ಬಹುದಾ ಡಾಕ್ಟ್ರೆ?"

ನಿಲ್ಲುವಷ್ಟು ದಿನ ನಿಲ್ಲಿ ಎಂದರು ಅವರು. ಕೈಗೆ ರೂಢಿಯಾದ ಕೆಲಸ ಬೇಗ ಬಿಟ್ಟುಹೋಗುವುದಿಲ್ಲ, ಆದರೆ ಕಾದ ಎಣ್ಣೆ, ಬೆಂಕಿಯ ಹತ್ತಿರ ಒಬ್ಬರೇ ಇರಕೂಡದು, ಜೊತೆಗೆ ಒಬ್ಬರು ಸದಾ ಇರಬೇಕು ಎಂದರು. ಅಣ್ಣ ತಲೆಯಾಡಿಸಿದ. ಮಾತ್ರೆಗಳ ಬಗ್ಗೆ, ಓಡಾಟದ ಬಗ್ಗೆ ಅವರು ಮುಂದೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡವಳು ಅತ್ತಿಗೆ.

ವಾಪಸು ಬರುವಾಗ ಘಟ್ಟ ಹತ್ತಿ ಕೆರೆಕಟ್ಟೆಯಲ್ಲಿ ಚಹಾಕ್ಕೆ ಇಳಿದೆವು. ಅಲ್ಲಿ ಅಣ್ಣ, ತನಗೆ ಹೀಗಾಗಿದೆ ಎಂದು ತನ್ನನ್ನು ಕರೆದಿರುವ ಮನೆಯವರಿಗೆಲ್ಲ ತಾನೇ ಹೇಳುತ್ತೇನೆ ಎಂದ. ಹೇಳುವ ಬುದ್ಧಿ ಸರಿಯಾಗಿರುವಾಗಲೇ ಹೇಳಬೇಕು ಎಂದ. ಅತ್ತಿಗೆ ಬೇಡವೆನ್ನಲಿಲ್ಲ. ಮಾರನೆಯ ದಿನ ಜಗಲಿಯಲ್ಲಿ ಕೂತು ಒಂದೊಂದೇ ಫೋನ್ ಮಾಡಿದ. ಸೀತೂರಿನ ಮನೆಯವರು ಪಾಪ ಎಂದು ಮರುಗಿದರು, ಎರಡು ದಿನ ಬಿಟ್ಟು ಬೇರೆ ಅಡಿಗೆಯವರು ಸಿಕ್ಕಿದ್ದಾರೆ ಎಂದು ತಿಳಿಸಿದರು. ಅವತ್ತು ಅಣ್ಣ ಊಟ ಮಾಡಲಿಲ್ಲ. ಅತ್ತಿಗೆ ಹೆದರಿದ್ದು ಸುಳ್ಳಾಗಿರಲಿಲ್ಲ. ನರಸಿಂಹರಾಜಪುರದ ಮದುವೆಮನೆಯವರು ಮಾತ್ರ, ನನ್ನ ಮದುವೆಗೂ ನಿಮ್ಮ ಕೈಯ ಊಟವೇ, ಮಗಳದ್ದಕ್ಕೂ ನೀವೇ ಬನ್ನಿ, ಜೊತೆಗೆ ಎಷ್ಟು ಜನ ಬೇಕಾದರೂ ಕರೆತನ್ನಿ ಎಂದರು.

ಇನ್ನು ಉಳಿದದ್ದು ಉಪ್ಪಿನ ಮಾತು. ಮುಚ್ಚಳ ಮಗುಚುವುದನ್ನು ನಂಬಿ ಮದುವೆ ಮಾಡಲು ಬರುವುದಿಲ್ಲ. ಅಣ್ಣ ಶೃಂಗೇರಿಯಲ್ಲೇ ಇರುವ, ನಮ್ಮ ಅಪ್ಪನಿಗೆ ಸ್ನೇಹಿತರಾಗಿದ್ದ ಹಿರಿಯ ವೈದಿಕರೊಬ್ಬರ ಮನೆಗೆ ಹೋಗಿ, ರುಚಿ ನೋಡಬಹುದೇ ಎಂದು ಕೇಳಿದ. ನನ್ನನ್ನೂ ಕರೆದುಕೊಂಡು ಹೋಗಿದ್ದ. ನೈವೇದ್ಯಕ್ಕೆ ಬೇಕಾದದ್ದನ್ನು ಮೊದಲೇ ಬೇರೆ ಪಾತ್ರೆಗೆ ತೆಗೆದಿಡು, ಉಳಿದದ್ದನ್ನು ಒಲೆಯಿಂದ ದೂರ ಒಬ್ಬರ ಅಂಗೈಗೆ ಹಾಕಿ ನೋಡಿಸು, ಎಂಜಲು ಪಾತ್ರೆಗೆ ಬೀಳದಿದ್ದರೆ ಆಯಿತು ಎಂದರು ಅವರು. ದೇವರ ಪಾತ್ರೆಗೇ ಉಪ್ಪು ಹೆಚ್ಚಾಗಿದ್ದರೆ ಎಂದು ನಾನು ಬಾಯಿ ಹಾಕಿದೆ. ದೇವರು ಯಾವತ್ತು ಊಟದ ನಡುವೆ ಎದ್ದು ಕೈ ತೊಳೆದಿದ್ದಾನೆ ಎಂದು ಅವರು ನಕ್ಕರು. ಮುತ್ತಿನಕೊಪ್ಪದ ಪಂಕ್ತಿಯ ಸುದ್ದಿ ಅವರವರೆಗೂ ಹೋಗಿತ್ತೆಂದು ಕಾಣುತ್ತದೆ.

ದಾರಿಯಲ್ಲಿ ಅಣ್ಣನಿಗೆ ಹೇಳಿದೆ, ಅತ್ತಿಗೆಗೇ ರುಚಿ ನೋಡಲು ಹೇಳು ಎಂದು. ಅವಳು ಒಪ್ಪುವುದಿಲ್ಲ ಎಂದ. ಆಮೇಲೆ ಸ್ವಲ್ಪ ದೂರ ನಡೆದು, "ಯಾರ ನಾಲಿಗೆ ನಂಬ್ಬೇಕು ಅಂತ ನಾನು ಯಾವಾಗ್ಲೋ ನೋಡಿ ಇಟ್ಟಿದೀನಿ ಕೂಸೆ" ಎಂದ. ದೊನ್ನೆ ಹಿಡಿದು ಜಗಲಿಯಲ್ಲಿ ಕೂತಿದ್ದವಳಿಗೆ ಅಷ್ಟು ವರ್ಷಗಳ ನಂತರ ಒಳಗೆ ಬಾ ಎಂದ ಹಾಗಾಯಿತು.

ನರಸಿಂಹರಾಜಪುರದ ಛತ್ರದಲ್ಲಿ ಮದುವೆ. ಬೆಳಗಿನಿಂದ ನಾನು ಅಡಿಗೆಮನೆಯಲ್ಲೇ ಇದ್ದೆ. ಅಣ್ಣ ಹಸಿರು ಮೆಣಸಿನಕಾಯಿಯ ತೊಟ್ಟು ಮುರಿಯುವವರಿಗೆ ಎಷ್ಟು ಬೇಕೆಂದು ಹೇಳಿದ, ಬೆಲ್ಲದ ಪಾಕ ನೋಡಿದ, ಎಲ್ಲರಿಗಿಂತ ಮೊದಲು ಒಲೆಯ ಉರಿ ತಗ್ಗಿಸಬೇಕಾದಲ್ಲಿ ತಗ್ಗಿಸಿದ. ನಡುವೆ ಒಮ್ಮೆ ನನ್ನನ್ನು, ನೀನು ಯಾವಾಗ ಬಂದೆ ಎಂದು ಕೇಳಿದ. ಈಗ ಬಂದೆ ಎಂದೆ. ಅತ್ತಿಗೆ ಎಂದಿನ ಜಾಗದಲ್ಲಿ ಕೂತು, ರೂಢಿಯಂತೆ ಮುಚ್ಚಳಗಳನ್ನು ಮಗುಚುತ್ತಿದ್ದಳು. ಈಗ ಅದನ್ನು ಯಾರಿಂದಲೂ ಮರೆಮಾಡುತ್ತಿರಲಿಲ್ಲ.

ಹುಳಿ ಕುದಿಯಿತು. ನೈವೇದ್ಯದ ಪಾತ್ರೆಗೆ ತೆಗೆದಿಟ್ಟದ್ದಾಯಿತು. ಹೊರಗೆ ಧಾರೆಯ ವಾದ್ಯ ಜೋರಾಯಿತು. ಎಲೆ ಹಾಕಲು ಯಾರೋ ಬಾಗಿಲಲ್ಲಿ ನಿಂತು ಅಪ್ಪಣೆಗಾಗಿ ಕಾಯುತ್ತಿದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಅಣ್ಣ ಕಡಾಯಿಯ ಮುಂದೆ ನಿಂತಿದ್ದ. ಮುಷ್ಟಿ ತುಂಬ ಉಪ್ಪಿತ್ತು. ಅತ್ತಿಗೆ ಏಳಲು ಹೋದಳು, ಬೇಡ ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಅಣ್ಣ ಮುಷ್ಟಿ ತೆರೆಯಲಿಲ್ಲ. ನಿಂತ. ಆಮೇಲೆ ನನ್ನ ಕಡೆ ತಿರುಗಿದ. ಮುತ್ತಿನಕೊಪ್ಪದಲ್ಲಿ ಕಂಡ ಹೆದರಿಕೆ ಅವನ ಕಣ್ಣಲ್ಲಿ ಇರಲಿಲ್ಲ.

"ಹಾಕಿದ್ನಾ ಕೂಸೆ?"

ನಾನು ದೂರ ನಿಂತು ಅಂಗೈ ಒಡ್ಡಿದೆ. ಅವನು ಎಡಗೈಯಲ್ಲಿ ಸೌಟು ಹಿಡಿದು ತಂದು, ಮೇಲಿನಿಂದ, ಸೌಟು ತಾಗದ ಹಾಗೆ, ನನ್ನ ಕೈಗೆ ಹುಳಿ ಬಿಟ್ಟ. ಬಿಸಿ ಇತ್ತು. ಊದಿ ಬಾಯಿಗಿಟ್ಟೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

"ಆಗಿದೆ ಅಣ್ಣ," ಎಂದೆ. "ಸರಿಯಾಗಿದೆ."

ಅವನು ಮುಷ್ಟಿಯಲ್ಲಿದ್ದ ಉಪ್ಪನ್ನು ಭರಣಿಗೆ ವಾಪಸು ಹಾಕಿ, ಕೈ ಕೊಡವಿ, ಬಾಗಿಲಲ್ಲಿದ್ದವರಿಗೆ ಎಲೆ ಹಾಕಲು ಹೇಳಿದ.